ತಿಂದ ಅನ್ನ ಮೈಗೆ ಹತ್ತದ ರೋಗಕ್ಕೆ ಮದ್ದು ಕೊಟ್ಟ ಸುಬ್ಬರಾವ್

ಹೊಟ್ಟೆ ತುಂಬ ಉಂಡರೂ ದೇಹ ಸೊರಗುತ್ತಲೇ ಹೋಗುವ ಕಾಯಿಲೆಯೊಂದಿದೆ. ವೈದ್ಯರು ಅದನ್ನು ಟ್ರಾಪಿಕಲ್ ಸ್ಪ್ರೂ ಎನ್ನುತ್ತಾರೆ. ನಿಲ್ಲದ ಭೇದಿ, ರಕ್ತಹೀನತೆ, ನಿಶ್ಶಕ್ತಿ ಇದರ ಲಕ್ಷಣಗಳು. ಕಳೆದ ಶತಮಾನದ ಆರಂಭದಲ್ಲಿ ಇದಕ್ಕೆ ನಂಬಬಹುದಾದ ಔಷಧವಿರಲಿಲ್ಲ. ಆಂಧ್ರದ ಯುವಕನೊಬ್ಬನ ಇಬ್ಬರು ಸೋದರರು ಒಬ್ಬರ ಹಿಂದೊಬ್ಬರಂತೆ ಈ ರೋಗಕ್ಕೆ ಬಲಿಯಾದರು. ಆ ಯುವಕನೇ ಮುಂದೆ ಜಗತ್ತು ಬೆರಗಿನಿಂದ ನೋಡಿದ ವಿಜ್ಞಾನಿ ಡಾ. ಯಲ್ಲಾಪ್ರಗಡ ಸುಬ್ಬರಾವ್.

ಅಂದಿನ ಮದರಾಸು ಪ್ರಾಂತ್ಯದ ಭೀಮವರಂನಲ್ಲಿ 1895ರ ಜನವರಿ 12ರಂದು ಜನಿಸಿದ ಸುಬ್ಬರಾವ್, ಬಡತನದ ನಡುವೆಯೇ ಮದರಾಸು ವೈದ್ಯಕೀಯ ಕಾಲೇಜು ಸೇರಿದರು. ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ತೊಟ್ಟದ್ದು ಆಂಗ್ಲ ಪ್ರಾಧ್ಯಾಪಕರ ಕಣ್ಣು ಕೆಂಪಾಗಿಸಿತು. ಫಲವಾಗಿ ಅವರಿಗೆ ಎಂಬಿಬಿಎಸ್ ಬದಲು ಕೆಳದರ್ಜೆಯ ಎಲ್‌ಎಂಎಸ್ ಪದವಿಯಷ್ಟೇ ದೊರೆಯಿತು. ಕೆಲಕಾಲ ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಬೋಧಿಸಿದ ಅವರು, ಪತ್ನಿಯನ್ನು ತಾಯ್ನಾಡಿನಲ್ಲೇ ಬಿಟ್ಟು ಅಮೆರಿಕದ ಬಾಸ್ಟನ್‌ಗೆ ತೆರಳಿದರು.

ಹಾರ್ವರ್ಡ್‌ನಲ್ಲಿ ಓದುತ್ತಲೇ ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿಯ ಕೂಲಿ ಕೆಲಸ ಮಾಡಿ ಹೊಟ್ಟೆ ಹೊರೆದುಕೊಂಡರು. ಸೈರಸ್ ಫಿಸ್ಕ್ ಅವರೊಡಗೂಡಿ ದೇಹದ್ರವಗಳಲ್ಲಿನ ರಂಜಕವನ್ನು ಅಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. 1929ರಲ್ಲಿ ಇದೇ ಜೋಡಿ ಜೀವಕೋಶಗಳ ಶಕ್ತಿಯ ಆಕರವಾದ ಎಟಿಪಿಯನ್ನು ಗುರುತಿಸಿತು. ಜರ್ಮನಿಯ ಕಾರ್ಲ್ ಲೋಮನ್ ಅದೇ ವರ್ಷ ಇದನ್ನು ಪ್ರತ್ಯೇಕವಾಗಿ ಕಂಡುಹಿಡಿದಿದ್ದರು. ಜೀರ್ಣವಾದ ಆಹಾರದ ಗ್ಲೂಕೋಸ್ ಕರುಳಿನಿಂದ ರಕ್ತ ಸೇರುವುದಕ್ಕೂ ಎಟಿಪಿ ಒದಗಿಸುವ ಶಕ್ತಿಯೇ ಬೇಕು. ಇಷ್ಟಾದರೂ ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ನೀಡಲಿಲ್ಲ. 1940ರಲ್ಲಿ ಅವರು ಲೆಡರ್ಲಿ ಔಷಧ ಕಂಪನಿಯ ಪ್ರಯೋಗಾಲಯ ಸೇರಿದರು.

ಸೋದರರ ಸಾವಿನ ಒಗಟು ಬಿಡಿಸಿಕೊಂಡದ್ದು ಇಲ್ಲಿಯೇ. ಬಾಯಿ, ಜಠರಗಳಲ್ಲಿ ನುರಿದ ಆಹಾರ ಸಣ್ಣ ಕರುಳಿನಲ್ಲಿ ಪಿತ್ತರಸ ಹಾಗೂ ಮೇದೋಜೀರಕ ಗ್ರಂಥಿಯ ರಸಗಳಿಂದ ಪೂರ್ಣ ಜೀರ್ಣವಾಗುತ್ತದೆ. ಕರುಳಿನ ಒಳಗೋಡೆಯಲ್ಲಿ ಬೆರಳಿನಾಕಾರದ ಲಕ್ಷಾಂತರ ಸೂಕ್ಷ್ಮ ಎಳೆಗಳಿದ್ದು, ಅವು ಸತ್ವವನ್ನು ಹೀರಿ ರಕ್ತಕ್ಕೂ ದುಗ್ಧನಾಳಗಳಿಗೂ ಒಪ್ಪಿಸುತ್ತವೆ. ಈ ಎಳೆಗಳ ಹೊದಿಕೆಯ ಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸದಾಗಿ ಹುಟ್ಟಬೇಕು. ಅದಕ್ಕೆ ಫೋಲಿಕ್ ಆಮ್ಲ ಎಂಬ ಜೀವಸತ್ವ ಅಗತ್ಯ. ಸ್ಪ್ರೂ ರೋಗದಲ್ಲಿ ಎಳೆಗಳು ಮೊಟಕಾಗುತ್ತವೆ. ಫೋಲಿಕ್ ಆಮ್ಲ ಹೀರಲ್ಪಡುವುದಿಲ್ಲ. ಅದಿಲ್ಲದೆ ಎಳೆಗಳು ಮತ್ತಷ್ಟು ಕ್ಷೀಣಿಸುತ್ತವೆ. ರೋಗಿ ಈ ವಿಷಚಕ್ರದಿಂದ ಹೊರಬರಲಾರ.

ಸುಬ್ಬರಾವ್ ನೇತೃತ್ವದ ತಂಡ 1945ರಲ್ಲಿ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲಿ ತಯಾರಿಸುವಲ್ಲಿ ಯಶಸ್ವಿಯಾಯಿತು. ಅದನ್ನು ಸೇವಿಸಿದ ಕೆರಿಬಿಯನ್ ದ್ವೀಪಗಳ ಸ್ಪ್ರೂ ರೋಗಿಗಳು ಚೇತರಿಸಿಕೊಂಡರು. ಅವರದೇ ಸಂಶೋಧನಾ ವಿಭಾಗದಲ್ಲಿ ಬೆಂಜಮಿನ್ ಡಗ್ಗರ್ ಮಣ್ಣಿನ ಸೂಕ್ಷ್ಮಜೀವಿಯಿಂದ ಪಡೆದ ಆರಿಯೋಮೈಸಿನ್ 1948ರಲ್ಲಿ ಬೆಳಕಿಗೆ ಬಂತು. ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧ ಅದು. ಆನೆಕಾಲು ರೋಗದ ಮದ್ದು ಹೆಟ್ರಜಾನ್, ರಕ್ತ ಕ್ಯಾನ್ಸರಿಗೆ ಬಳಸಿದ ಅಮಿನಾಪ್ಟೆರಿನ್ ಕೂಡ ಇದೇ ತಂಡದ ಕೊಡುಗೆಗಳು.

ಅದೇ 1948ರ ಆಗಸ್ಟ್‌ನಲ್ಲಿ, ತಮ್ಮ 53ನೇ ವಯಸ್ಸಿನಲ್ಲಿ ಸುಬ್ಬರಾವ್ ನಿದ್ರೆಯಲ್ಲೇ ಕೊನೆಯುಸಿರೆಳೆದರು. ತಾಯ್ನಾಡನ್ನು ಮತ್ತೆ ಕಾಣುವ ಭಾಗ್ಯ ಅವರದಾಗಲಿಲ್ಲ. ನೊಬೆಲ್ ಪುರಸ್ಕಾರವೂ ಒಲಿಯಲಿಲ್ಲ. ಭಾರತ ಸರ್ಕಾರ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದದ್ದು ಜನ್ಮಶತಮಾನೋತ್ಸವದ ವರ್ಷವಾದ 1995ರಲ್ಲಿ.

ಟ್ರಾಪಿಕಲ್ ಸ್ಪ್ರೂ ರೋಗಿಗೆ ವೈದ್ಯರು ಇಂದಿಗೂ ಬರೆದುಕೊಡುವುದು ಎರಡು ಮುಖ್ಯ ಔಷಧಗಳನ್ನು: ಫೋಲಿಕ್ ಆಮ್ಲ ಮತ್ತು ಟೆಟ್ರಾಸೈಕ್ಲಿನ್. ಸೋದರರನ್ನು ಉಳಿಸಿಕೊಳ್ಳಲಾಗದ ಸುಬ್ಬರಾವ್ ಅವರ ಪ್ರಯೋಗಾಲಯದಲ್ಲೇ ಎರಡರ ಹಾದಿಯೂ ತೆರೆದಿತ್ತು.