ಡಾ. ಸಲೀಂ ಅಲಿ (1896–1987): ಜೀವನ ಪರಿಚಯ ಹಾಗೂ ಪಕ್ಷಿ ವೀಕ್ಷಕರ ಗಮನಕ್ಕೆ

ಪಕ್ಷಿಧಾಮಗಳಲ್ಲಿ ಛಾಯಾಗ್ರಹಣಕ್ಕೆ ಅನುಮತಿ ಕೋರಿ ಅರ್ಜಿ ಸಲ್ಲಿಸುವ ನಾಗರಿಕರ ಮಾಹಿತಿಗಾಗಿ, ಭಾರತೀಯ ಪಕ್ಷಿಶಾಸ್ತ್ರಕ್ಕೆ ಭದ್ರ ಬುನಾದಿ ಹಾಕಿದ ಡಾ. ಸಲೀಂ ಅಲಿಯವರ ಜೀವನ ಪರಿಚಯವನ್ನು ಇಲ್ಲಿ ನೀಡಲಾಗಿದೆ. ಗೂಡಿನ ಸಮೀಪದಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದು ನಿಯಮಾವಳಿಗಿಂತ ಅವರ ಕಾರ್ಯವಿಧಾನದಿಂದ ಹೆಚ್ಚು ಸುಲಭವಾಗಿ ತಿಳಿಯುತ್ತದೆ.

ಸಲೀಂ ಅಲಿಯವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆ ತಾಯಿಯರನ್ನು ಕಳೆದುಕೊಂಡು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಆಶ್ರಯದಲ್ಲಿ ಬೆಳೆದರು. ಏರ್‌ಗನ್ನಿನಿಂದ ತಾವು ಹೊಡೆದುರುಳಿಸಿದ ಗುಬ್ಬಚ್ಚಿಯೊಂದರ ಕತ್ತಿನಲ್ಲಿ ಹಳದಿ ಬಣ್ಣವಿರುವುದನ್ನು ಕಂಡು, ಅದರ ಗುರುತು ತಿಳಿಯಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲಾರ್ಡ್ ಅವರ ಬಳಿಗೆ ಹೋದದ್ದು ಅವರ ಬದುಕಿನ ದಿಕ್ಕನ್ನು ಬದಲಿಸಿತು. ಬರ್ಮಾದಲ್ಲಿ ಕೆಲಕಾಲ ಕುಟುಂಬದ ವ್ಯವಹಾರ ನೋಡಿಕೊಂಡು 1917ರಲ್ಲಿ ಮರಳಿದ ಬಳಿಕ ವಾಣಿಜ್ಯ ಕಾನೂನು ಹಾಗೂ ಲೆಕ್ಕಶಾಸ್ತ್ರವನ್ನು ಅಭ್ಯಸಿಸಿದರು. (ವಾಣಿಜ್ಯ ವಿದ್ಯಾರ್ಥಿಗಳಿಗೆ ಇದು ಹೆಮ್ಮೆಯ ಸಂಗತಿ.) ತರುವಾಯ ಜರ್ಮನಿಯ ಬರ್ಲಿನ್‌ನಲ್ಲಿ ಪಕ್ಷಿಶಾಸ್ತ್ರಜ್ಞ ಸ್ಟ್ರೆಸೆಮನ್ ಅವರ ಬಳಿ ತರಬೇತಿ ಪಡೆದರು.

1930ರಲ್ಲಿ ಸ್ವದೇಶಕ್ಕೆ ಹಿಂದಿರುಗಿದಾಗ ಅವರಿಗೆ ಉದ್ಯೋಗವಿರಲಿಲ್ಲ. ಪತ್ನಿ ತೆಹಮಿನಾ ಅವರೊಂದಿಗೆ ಕಿಹಿಂ ಎಂಬ ಕರಾವಳಿ ಗ್ರಾಮದಲ್ಲಿ ನೆಲೆಸಿ, ಗೀಜಗ ಪಕ್ಷಿಗಳ ಗೂಡುಗಳನ್ನು ಗಂಟೆಗಟ್ಟಲೆ, ದಿನಗಟ್ಟಲೆ ವೀಕ್ಷಿಸಿದರು. ಗಂಡು ಗೀಜಗವು ಒಂದಾದ ಮೇಲೊಂದರಂತೆ ಗೂಡು ಕಟ್ಟುತ್ತದೆ, ಹೆಣ್ಣು ಅವುಗಳನ್ನು ಪರಿಶೀಲಿಸಿ ತನಗೆ ಒಪ್ಪಿಗೆಯಾದುದನ್ನು ಆರಿಸಿಕೊಳ್ಳುತ್ತದೆ ಎಂಬ ಸಂಗತಿ ಹೀಗೆ ಬೆಳಕಿಗೆ ಬಂದಿತು. ವೀಕ್ಷಕನ ಇರವಿನಿಂದ ಹಕ್ಕಿಗಳು ಬೆದರಿದ್ದಲ್ಲಿ ಇದಾವುದೂ ಕಾಣಸಿಗುತ್ತಿರಲಿಲ್ಲ.

ಸಮೀಕ್ಷೆಗಳಿಗಾಗಿ ಅವರು ಪಕ್ಷಿಗಳನ್ನು ಗುಂಡಿಕ್ಕಿ ಸಂಗ್ರಹಿಸುತ್ತಿದ್ದುದೂ ನಿಜ. ಪ್ರಭೇದಗಳನ್ನು ನಿಖರವಾಗಿ ಗುರುತಿಸಲು ಅಂದು ಅದು ಅಗತ್ಯವೆಂಬುದು ಅವರ ನಿಲುವಾಗಿತ್ತು. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಶಾಸ್ತ್ರಕ್ಕೆ ಬೇಕಾದುದಕ್ಕೂ ಕೇವಲ ಹವ್ಯಾಸಕ್ಕೆ ಬೇಕಾದುದಕ್ಕೂ ಅವರು ಸ್ಪಷ್ಟ ಗೆರೆ ಎಳೆದಿದ್ದರು.

1939–40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ಕೈಗೊಂಡಾಗ, ಶ್ರೀರಂಗಪಟ್ಟಣದ ಬಳಿ ಕಾವೇರಿ ನದಿಯ ನಡುಗಡ್ಡೆಗಳಲ್ಲಿ ನೀರುಹಕ್ಕಿಗಳು ಗುಂಪುಗುಂಪಾಗಿ ಗೂಡು ಕಟ್ಟುವುದನ್ನು ಗಮನಿಸಿ, ರಕ್ಷಣೆಗಾಗಿ ಸಂಸ್ಥಾನದ ಅರಸರ ಮನವೊಲಿಸಿದರು. ಅದರ ಫಲವಾಗಿ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವೆಂದು ಘೋಷಿಸಲ್ಪಟ್ಟಿತು. 2022ರಲ್ಲಿ ಸದರಿ ಪಕ್ಷಿಧಾಮವು ರಾಮ್ಸಾರ್ ಪಟ್ಟಿಗೆ ಸೇರ್ಪಡೆಯಾಗಿದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಿಂಗಪುರದ ಚಲನಚಿತ್ರೋದ್ಯಮಿ ಲೋಕ್ ವಾನ್ ಥೋ ಅವರ ಸ್ನೇಹ ಲಭಿಸಿತು. ಪಕ್ಷಿ ಛಾಯಾಗ್ರಾಹಕರಾಗಿದ್ದ ಅವರೊಂದಿಗೆ ಸಲೀಂ ಅಲಿಯವರು ಅನೇಕ ಪ್ರವಾಸಗಳನ್ನು ಕೈಗೊಂಡರು. ಮರೆಯಲ್ಲಿ ಕಾದು ಕುಳಿತು ಚಿತ್ರ ತೆಗೆಯುವುದು ಆ ಕಾಲದ ಕ್ರಮ. ಈಗ ಮೊಬೈಲ್ ಫೋನಿನಲ್ಲಿ ಹಕ್ಕಿಯ ಕೂಗನ್ನು ನುಡಿಸಿ ಅದನ್ನು ಹೊರಗೆ ಕರೆಯುವವರಿದ್ದಾರೆ. ಎದುರಾಳಿ ಬಂದನೆಂದು ಭ್ರಮಿಸಿ ಹಕ್ಕಿಯು ಮೇವನ್ನೂ ಮರಿಗಳನ್ನೂ ಬಿಟ್ಟು ಹಾರಿಬರುತ್ತದೆ. ಇದು ವೀಕ್ಷಣೆ ಎನಿಸದು.

ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ರಾಷ್ಟ್ರಪಕ್ಷಿಯಾಗಬೇಕೆಂಬುದು ಸಲೀಂ ಅಲಿಯವರ ಆಶಯವಾಗಿತ್ತು. 1963ರಲ್ಲಿ ನವಿಲು ಆಯ್ಕೆಯಾಯಿತು. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಭಾಗದ ಎರೆ ಭೂಮಿಯಲ್ಲಿ ಈ ಶತಮಾನದಲ್ಲಿಯೂ ಬೆರಳೆಣಿಕೆಯಷ್ಟು ಎರೆಭೂತಗಳು ದಾಖಲಾಗಿವೆ. ಈ ಪಕ್ಷಿಯು ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಕ್ಯಾಮೆರಾ ಹಿಡಿದವರು ಹತ್ತಿರ ಬಂದು ತಾಯಿ ಎದ್ದುಹೋದರೆ, ಆ ಮೊಟ್ಟೆ ಬಿಸಿಲಿಗೋ ಕಾಗೆಗೋ ನಾಯಿಗೋ ಗುರಿಯಾಗುತ್ತದೆ. ಆ ತಾಯಿಯ ಒಂದು ವರ್ಷದ ಸಂತಾನ ಅಲ್ಲಿಗೆ ಮುಗಿಯಬಹುದು. ಅಪರೂಪದ ಹಕ್ಕಿಯ ಗೂಡು ಇರುವ ಸ್ಥಳವನ್ನು ಇತರರಿಗೆ ಪ್ರಚಾರ ಮಾಡಬಾರದೆನ್ನುವುದು ಇದೇ ಕಾರಣಕ್ಕೆ.

ಸಲೀಂ ಅಲಿಯವರಿಗೆ 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಸಂದವು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1987ರಲ್ಲಿ ಮುಂಬಯಿಯಲ್ಲಿ ನಿಧನರಾದರು.

ಅರ್ಜಿದಾರರ ಗಮನಕ್ಕೆ: ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಪ್ರಕರಣ 28ರ ಮೇರೆಗೆ ಅಭಯಾರಣ್ಯದಲ್ಲಿ ಛಾಯಾಗ್ರಹಣಕ್ಕೆ ಅನುಮತಿ ನೀಡುವ ಅಧಿಕಾರವು ಮುಖ್ಯ ವನ್ಯಜೀವಿ ಪರಿಪಾಲಕರಿಗಿದೆ. ಸದರಿ ಅಧಿನಿಯಮದ ಪ್ರಕರಣ 2ರಲ್ಲಿ ಬೇಟೆ ಎಂಬ ಪದದ ಅರ್ಥವಿವರಣೆಯಲ್ಲಿ, ಕಾಡುಪಕ್ಷಿಗಳ ಮೊಟ್ಟೆ ಅಥವಾ ಗೂಡುಗಳಿಗೆ ತೊಂದರೆ ಉಂಟುಮಾಡುವುದೂ ಸೇರಿದೆ.