ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಂದ ವ್ಯಾಜ್ಯಕ್ಕೋ ವಿದ್ಯೆಗೋ ಬೆಂಗಳೂರಿಗೆ ಹೋಗುವವರಿಗೆ ರೈಲ್ವೆ ನಿಲ್ದಾಣದ ಸಮೀಪದ ತೋಟದಪ್ಪನವರ ಛತ್ರವು ಅಪರಿಚಿತವಲ್ಲ. 1838ರಲ್ಲಿ ಗುಬ್ಬಿಯಲ್ಲಿ ಜನಿಸಿದ ಈ ಮಹನೀಯರು ಬೆಂಗಳೂರಿನ ಮಾಮೂಲ್‌ಪೇಟೆಯಲ್ಲಿ ವ್ಯಾಪಾರದಿಂದ ದ್ರವ್ಯವನ್ನಾರ್ಜಿಸಿದರು. ಸಂತಾನವಿರಲಿಲ್ಲ. ಯಾತ್ರಿಕರಿಗೂ ವಿದ್ಯಾರ್ಥಿಗಳಿಗೂ ಉಚಿತ ವಸತಿಯೊದಗಿಸಲೆಂದು 1897ರಲ್ಲಿ ರೈಲ್ವೆಯವರಿಂದ ಭೂಮಿಯನ್ನು ಕ್ರಯಕ್ಕೆ ಪಡೆದರು. ಅಲ್ಲಿ ಕಟ್ಟಿಸಿದ ಛತ್ರವನ್ನು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಉದ್ಘಾಟಿಸಿದರು.

ಛತ್ರ ಕಟ್ಟಿಸುವ ವರ್ತಕರು ಬಹುಮಂದಿ. ದಾನಿಯು ಗತಿಸಿದೊಡನೆ ಛತ್ರವು ಮಳಿಗೆಯಾಗುವುದೂ ಅಪೂರ್ವವಲ್ಲ. ತೋಟದಪ್ಪನವರು ಅದಕ್ಕೆ ಎಡೆಗೊಡದೆ, ಅಂತ್ಯಕಾಲದಲ್ಲಿ ಆಸ್ತಿಯೆಲ್ಲವನ್ನೂ ಧರ್ಮಸಂಸ್ಥೆಗೆ ಒಪ್ಪಿಸಿ, ಕೆ. ಪಿ. ಪುಟ್ಟಣ್ಣಶೆಟ್ಟಿಯವರನ್ನು ಅಧ್ಯಕ್ಷರನ್ನಾಗಿ ನೇಮಿಸಿದರು. ನಮ್ಮ ಅಡಿಕೆ ಮಂಡಿಗಳ ಧನಿಕರು ಮಾಡುವ ದಾನಗಳಿಗೆ ಇಂತಹ ಕಟ್ಟುಪಾಡುಂಟೇ? 1910ರಲ್ಲಿ ತೋಟದಪ್ಪನವರು ದೈವಾಧೀನರಾದರು; ಅವರ ಹೆಸರಿನ ಧರ್ಮಸಂಸ್ಥೆಯು ಶತಮಾನ ಕಳೆದರೂ ನಡೆಯುತ್ತಲಿದೆ.