ಹೆಸರನ್ನು ಒಲ್ಲದ ಗುರು: ಜೇಮ್ಸ್ ನೈಸ್ಮಿತ್

ವಸ್ತು ಅಳಿದ ಮೇಲೂ ಅದರ ಹೆಸರು ಉಳಿಯುವುದು ಭಾಷೆಯಲ್ಲಿ ಅಪೂರ್ವವೇನಲ್ಲ. ತಿಲದಿಂದ ಹುಟ್ಟಿದುದು ತೈಲ; ಆದರೆ ಶೇಂಗಾದಿಂದ ತೆಗೆದುದನ್ನೂ ನಾವು ತೈಲವೆಂದೇ ಕರೆಯುತ್ತೇವೆ. ಹಾಗೆಯೇ ಇಂದು ಅಂಕಣದಲ್ಲಿ ಬುಟ್ಟಿಯೇ ಇಲ್ಲದಿದ್ದರೂ ಬುಟ್ಟಿಯ ಹೆಸರನ್ನು ಹೊತ್ತ ಆಟವೊಂದು ಜಗತ್ತಿನ ತುಂಬ ನಡೆದಿದೆ. ಇಂಗ್ಲಿಷಿನಲ್ಲಿ ಬ್ಯಾಸ್ಕೆಟ್‌ಬಾಲ್, ಸ್ಪೇನಿನಲ್ಲಿ ಬಾಲೊನ್ಸೆಸ್ತೊ ಎನಿಸಿಕೊಂಡ ಆ ಆಟವನ್ನು ರೂಪಿಸಿದ ಮಹನೀಯರು ಜೇಮ್ಸ್ ನೈಸ್ಮಿತ್. ಅದಕ್ಕೆ ತಮ್ಮ ಹೆಸರನ್ನಿಡುವ ಮಾತು ಬಂದಾಗ ಬೇಡವೆಂದವರೂ ಅವರೇ.

ಅವರು ಜನಿಸಿದ್ದು 1861ರ ನವೆಂಬರ್ 6ರಂದು, ಇಂದಿನ ಕೆನಡಾ ದೇಶದ ಆಲ್ಮಾಂಟ್ ಎಂಬ ಊರಿನ ಬಳಿ. ಒಂಬತ್ತನೆಯ ವಯಸ್ಸಿನಲ್ಲಿಯೇ ವಿಷಮಶೀತಜ್ವರವು ತಂದೆತಾಯಿಯರಿಬ್ಬರನ್ನೂ ಕೊಂಡೊಯ್ದಿತು. ಅಜ್ಜಿಯ ಮತ್ತು ಸೋದರಮಾವನ ಆಶ್ರಯದಲ್ಲಿ ಬೆಳೆದ ಬಾಲಕನು ನಡುವೆ ಶಾಲೆಯನ್ನು ತೊರೆದು, ಕೆಲವು ವರ್ಷ ಮರ ಕಡಿಯುವವರೊಡನೆ ಕಾಡಿನಲ್ಲಿ ದುಡಿದನು. ಬಳಿಕ ವಿದ್ಯೆಯ ಬೆಲೆಯನ್ನರಿತು ಮತ್ತೆ ಪುಸ್ತಕ ಹಿಡಿದನು. 1887ರಲ್ಲಿ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಪದವಿಯೂ 1890ರಲ್ಲಿ ಧರ್ಮಶಾಸ್ತ್ರದ ಪದವಿಯೂ ದೊರೆತವು. ಬೋಧನೆಯ ಪೀಠವೊಂದೇ ಸೇವೆಯ ಸ್ಥಾನವಲ್ಲ, ವ್ಯಾಯಾಮದ ಅಂಗಳವೂ ಸೇವೆಯ ಸ್ಥಾನವೇ ಎಂದು ಭಾವಿಸಿದ ಅವರು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ವೈ.ಎಂ.ಸಿ.ಎ. ತರಬೇತಿ ಶಾಲೆಯನ್ನು ಸೇರಿದರು.

1891ರ ಚಳಿಗಾಲ. ಹೊರಗೆ ಹಿಮ; ಒಳಗೆ ಕವಾಯತಿನಿಂದ ಬೇಸತ್ತ ಹದಿನೆಂಟು ಮಂದಿ ವಿದ್ಯಾರ್ಥಿಗಳು. ಅವರನ್ನು ಅಂಕೆಗೆ ತರಲಾರದೆ ಇಬ್ಬರು ಶಿಕ್ಷಕರು ಆಗಲೇ ಕೈಚೆಲ್ಲಿದ್ದರು. ಮುಖ್ಯಸ್ಥರಾದ ಲೂಥರ್ ಗುಲಿಕ್ ಅವರು ಆ ತರಗತಿಯನ್ನು ನೈಸ್ಮಿತರಿಗೆ ಒಪ್ಪಿಸಿ, ಒಳಾಂಗಣಕ್ಕೆ ತಕ್ಕ ಹೊಸ ಆಟವೊಂದನ್ನು ಹದಿನಾಲ್ಕು ದಿನಗಳಲ್ಲಿ ರೂಪಿಸಬೇಕೆಂದರು. ನೈಸ್ಮಿತರು ಬಯಲಿನ ಆಟಗಳನ್ನೇ ಒಳಗೆ ಆಡಿಸಿ ನೋಡಿದರು, ಯಾವುದೂ ಹೊಂದಲಿಲ್ಲ. ದಿನಗಳು ಮುಗಿಯುತ್ತ ಬಂದವು.

ಆಗ ಅವರು ಹುಡುಗರನ್ನು ದೂಷಿಸಲಿಲ್ಲ, ಆಟಗಳ ಗುಣದೋಷಗಳನ್ನು ವಿವೇಚಿಸಿದರು. ಆಟಗಾರನನ್ನು ಕೆಡವುವುದೇಕೆ? ಅವನು ಚೆಂಡು ಹಿಡಿದು ಓಡುವುದರಿಂದ. ಓಟವನ್ನೇ ನಿಷೇಧಿಸಿದರೆ ಕೆಡವುವ ಕಾರಣವೇ ಇಲ್ಲ. ಗುರಿಯು ನೆಲದಲ್ಲಿದ್ದರೆ ಬಲವಾಗಿ ಎಸೆಯುವವನೇ ಗೆಲ್ಲುತ್ತಾನೆ. ತಲೆಗಿಂತ ಎತ್ತರದಲ್ಲಿ ಬಾಯ್ದೆರೆದಿದ್ದರೆ ಚೆಂಡನ್ನು ಮೆಲ್ಲನೆ ಕಮಾನಿನಂತೆ ತೂರಬೇಕಾಗುತ್ತದೆ. ಬಂಡೆಯ ಮೇಲಿಟ್ಟ ಕಲ್ಲನ್ನು ಕಲ್ಲೆಸೆದು ಬೀಳಿಸುತ್ತಿದ್ದ ತಮ್ಮ ಬಾಲ್ಯದ ಹಳ್ಳಿಯಾಟವು ನೆನಪಿಗೆ ಬಂದು ಅವರಿಗೆ ದಾರಿ ತೋರಿತು. ಹದಿಮೂರು ನಿಯಮಗಳು ಸಿದ್ಧವಾದವು. ಗುರಿಗಾಗಿ ಪೆಟ್ಟಿಗೆಗಳನ್ನು ಕೇಳಿದರೆ ಶಾಲೆಯ ಪರಿಚಾರಕನು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ತಂದನು. ಅವುಗಳನ್ನು ಬಿಗಿದ ಮೊಗಸಾಲೆಯ ಅಂಚು ನೆಲದಿಂದ ಹತ್ತು ಅಡಿ ಎತ್ತರವಿತ್ತು. ಇಂದಿಗೂ ಗುರಿಯ ಎತ್ತರ ಹತ್ತೇ ಅಡಿ. ಡಿಸೆಂಬರ್ 21ರಂದು ಒಂಬತ್ತೊಂಬತ್ತು ಮಂದಿ ಎದುರುಬದುರಾಗಿ ಆಡಿದ ಮೊದಲ ಆಟದಲ್ಲಿ ಬುಟ್ಟಿಗೆ ಬಿದ್ದ ಚೆಂಡು ಒಂದೇ. ಬುಟ್ಟಿಗೆ ತಳವಿದ್ದುದರಿಂದ ಚೆಂಡನ್ನು ತೆಗೆಯಲು ಮೇಲೇರಬೇಕಾಗಿತ್ತು. ವಿದ್ಯಾರ್ಥಿಯೊಬ್ಬನು ಆಟಕ್ಕೆ ಗುರುವಿನ ಹೆಸರನ್ನು ಸೂಚಿಸಿದಾಗ ನೈಸ್ಮಿತರು ನಕ್ಕು ನಿರಾಕರಿಸಿದರು; ಕೊನೆಗೆ ಆ ಬಡ ಬುಟ್ಟಿಯ ಹೆಸರೇ ನಿಂತಿತು.

ಈ ಹೆಸರು ದೇಶಾಂತರ ಹೋದ ಬಗೆಯು ಶಬ್ದಾಸಕ್ತರಿಗೆ ಸ್ವಾರಸ್ಯಕರ. ಇಂಗ್ಲಿಷಿನಲ್ಲಿ ಬುಟ್ಟಿ ಮೊದಲು, ಚೆಂಡು ಅನಂತರ; ನಮ್ಮ ತತ್ಪುರುಷದಂತೆ ಉತ್ತರಪದಕ್ಕೆ ಪ್ರಾಧಾನ್ಯ. ಸ್ಪ್ಯಾನಿಷಿನಲ್ಲಿ ಬಾಲೊನ್ ಎಂದರೆ ಚೆಂಡು, ಸೆಸ್ತೊ ಎಂದರೆ ಬುಟ್ಟಿ. ಅಲ್ಲಿ ಪ್ರಾಧಾನ್ಯ ಪೂರ್ವಪದಕ್ಕೆ. ಚೆಂಡು ಹಿಡಿದು ನಡೆಯುವ ತಪ್ಪಿಗೆ ಇಂಗ್ಲಿಷರು ಟ್ರಾವೆಲಿಂಗ್, ಅಂದರೆ ಪ್ರಯಾಣ, ಎನ್ನುತ್ತಾರೆ. ಸ್ಪ್ಯಾನಿಷರು ಪಾಸೋಸ್, ಅಂದರೆ ಹೆಜ್ಜೆಗಳು, ಎನ್ನುತ್ತಾರೆ. ನೈಸ್ಮಿತರ ಮೂಲಸೂತ್ರವೇ ಈ ಎರಡು ಪದಗಳಲ್ಲಿ ಅಡಗಿದೆ. ಫೌಲ್ ಎಂಬುದರಲ್ಲಿ ಮಲಿನತೆಯ ಭಾವವಿದ್ದರೆ, ಫಾಲ್ತಾ ಎಂಬುದರಲ್ಲಿ ಕೊರತೆಯ ಭಾವವಿದೆ. ಎದುರಾಳಿಯ ಎಸೆತವನ್ನು ತಡೆಯುವುದು ಇಂಗ್ಲಿಷಿನಲ್ಲಿ ಬ್ಲಾಕ್. ಸ್ಪ್ಯಾನಿಷಿನಲ್ಲಿ ತಪೋನ್, ಅಂದರೆ ಬಿರಡೆ. ಬುಟ್ಟಿಯ ಬಳಿಗೆ ಹಾರಿ ಚೆಂಡನ್ನು ಮೆಲ್ಲನಿಡುವುದು ಲೇ-ಅಪ್. ಅವರಿಗೆ ಅದು ಬಂದೇಹಾ, ಅಂದರೆ ತಟ್ಟೆ. ಅಂಕಣವನ್ನು ಕಾಂಚಾ ಎನ್ನುವರು. ಆ ಪದವು ಸ್ಪ್ಯಾನಿಷಿಗೆ ಬಂದುದು ದಕ್ಷಿಣ ಅಮೆರಿಕದ ಮೂಲನಿವಾಸಿಗಳ ಕೆಚುವಾ ಭಾಷೆಯಿಂದ. ಚೆಂಡು ಬುಟ್ಟಿಗೆ ಬಿದ್ದರೆ ಕನಾಸ್ತಾ ಎನ್ನುವರು, ಅದೂ ಬುಟ್ಟಿಯೇ. ಈ ಆಟವನ್ನು 1920ರ ದಶಕದ ಆದಿಯಲ್ಲಿ ಬಾರ್ಸಿಲೋನಾದ ಶಾಲೆಯೊಂದರಲ್ಲಿ ಬೇರೂರಿಸಿದವರು, ಮೊದಲು ಕ್ಯೂಬಾದಲ್ಲಿದ್ದ ಎಉಸೇಬಿಯೊ ಮಿಲ್ಯಾನ್ ಎಂಬ ಸಂನ್ಯಾಸಿ ಶಿಕ್ಷಕರು.

ನೈಸ್ಮಿತರು ಮುಂದೆ 1898ರಲ್ಲಿ ವೈದ್ಯಪದವಿ ಪಡೆದು, ಅದೇ ವರ್ಷ ಕ್ಯಾನ್ಸಾಸ್ ವಿಶ್ವವಿದ್ಯಾನಿಲಯವನ್ನು ಸೇರಿ, ಅಲ್ಲಿಯೇ ಬಾಳು ಸವೆಸಿದರು. ಅವರ ತರಬೇತಿಯಲ್ಲಿ ಅಲ್ಲಿನ ತಂಡ 55 ಪಂದ್ಯಗಳನ್ನು ಗೆದ್ದು 60ನ್ನು ಸೋತಿತು. ಗೆಲುವಿಗಿಂತ ಹೆಚ್ಚು ಸೋಲನ್ನು ಕಂಡ ತರಬೇತುದಾರರು ಆ ಸಂಸ್ಥೆಯ ಚರಿತ್ರೆಯಲ್ಲಿ ಆಟದ ಜನಕರೊಬ್ಬರೇ! ಅದರಿಂದ ಅವರು ನೊಂದವರಲ್ಲ. ಗೆಲ್ಲಿಸುವ ವಿದ್ಯೆಯನ್ನು ಅವರ ಶಿಷ್ಯ ಫಾಗ್ ಅಲೆನ್ ಬೆಳೆಸಿದರು. ಗುರುಗಳಿಗೆ ಮೈಮನಗಳ ಆರೋಗ್ಯವೇ ಸಾಕಾಗಿತ್ತು. ತಮ್ಮ ಆಟದಿಂದ ಧನಾರ್ಜನೆಯನ್ನೂ ಅವರು ಬಯಸಲಿಲ್ಲ. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಪದಕದ ಮನ್ನಣೆ ದೊರೆತಾಗ, ತರಬೇತುದಾರರು ಹಣ ಕೂಡಿಸಿ ಆ ವೃದ್ಧರನ್ನು ಅಲ್ಲಿಗೆ ಕಳುಹಿಸಿದರು. ಮಳೆಯಿಂದ ಕೆಸರಾದ ಬಯಲಂಕಣದಲ್ಲಿ ಅವರ ಹುಟ್ಟುನಾಡಾದ ಕೆನಡಾವೂ ನೆಲಸಿದ ನಾಡಾದ ಅಮೆರಿಕವೂ ಅಂತಿಮ ಪಂದ್ಯವಾಡಿ, ಅಮೆರಿಕ 19–8ರಿಂದ ಗೆದ್ದಿತು. ಸ್ಪ್ಯಾನಿಷ್ ನುಡಿಯ ಮೆಕ್ಸಿಕೋ ಮೂರನೆಯದಾಯಿತು. ತಂದೆತಾಯಿಯರಿಲ್ಲದೆ ಬೆಳೆದ ಆ ಬಾಲಕನು ಅಂದು ಮೂರು ನಾಡುಗಳ ಮಕ್ಕಳಿಗೆ ಪದಕವಿತ್ತನು.

1939ರ ನವೆಂಬರ್ 28ರಂದು ಅವರು ದಿವಂಗತರಾದರು. ಬುಟ್ಟಿ ಹೋಗಿ ಕಬ್ಬಿಣದ ಬಳೆ ಬಂದಿತು, ಬಳೆಗೆ ತಳವಿಲ್ಲದ ಬಲೆ ಬಂದಿತು. ತಳವಿರುವ ಬುಟ್ಟಿಯು ಬಂದ ಚೆಂಡನ್ನು ತನ್ನಲ್ಲೇ ಇರಿಸಿಕೊಂಡಿತು. ತಳವಿಲ್ಲದುದು ಮರಳಿ ಆಟಕ್ಕೆ ಕೊಟ್ಟಿತು. ಬಂದ ಕೀರ್ತಿಯನ್ನು ತಮ್ಮಲ್ಲಿರಿಸಿಕೊಳ್ಳದ ನೈಸ್ಮಿತರ ಬಾಳೂ ಅಂತಹುದೇ. ಅಂಗಳಕ್ಕಿಳಿಯುವ ವಿದ್ಯಾರ್ಥಿಗಳು ಇದನ್ನು ಒಮ್ಮೆ ನೆನೆದರೆ ಸಾಕು.